ಬರಿಗೈಯಲ್ಲಿ ಬಂದವರು

ಒಂಬತ್ತು ವರ್ಷಗಳ ಹಿಂದೆ ಇಲ್ಲಿನ ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ನಾನೊಂದು ಲೇಖನ ಬರೆದಿದ್ದೆ. ‘ಜರ್ಮನರ ವನವಿಹಾರ’ ಅಂತ ಅದರ ಹೆಸರು. ಅದನ್ನೇ ಸ್ವಲ್ಪ ತಿದ್ದಿ ಈ ಸಂಕಲನಕ್ಕೆ ಕಳಿಸಿದರಾಯಿತು ಅಂದುಕೊಂಡು ಮೊನ್ನೆ ತೆಗೆದು ಓದಿದೆ. ಮೂರನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಮುಖ ಬಿಸಿಯಾಯಿತು. ಹಾಗಾಗಿ ಇದು ಆ ಲೇಖನವಲ್ಲ, ಆ ಲೇಖನದ ಮೇಲಿನ ತಕರಾರು. ನನ್ನ ಹಾಗೆಯೇ ಹೊರದೇಶದಲ್ಲಿ ಕೂತು ಕಾಡಿನ ಬಗ್ಗೆ ಬರೆಯುವ ನಮ್ಮೆಲ್ಲರ ಒಂದು ಬಗೆಯ ಬರವಣಿಗೆಯ ಮೇಲಿನ ತಕರಾರು ಎಂದರೂ ಸರಿಯೇ.

ಆ ಬಗೆ ನಿಮಗೆ ಗೊತ್ತಿರುತ್ತದೆ. ಭಾನುವಾರ ಬೆಳಿಗ್ಗೆ. ಅಂಗಡಿಗಳೆಲ್ಲ ಮುಚ್ಚಿವೆ. ಇಡೀ ಊರು ಬೂಟು ಕಟ್ಟಿಕೊಂಡು ಕಾಡಿಗೆ ಹೊರಟಿದೆ. ಎರಡೂ ಕೈಯಲ್ಲಿ ಕೋಲು ಹಿಡಿದ ಎಂಬತ್ತರ ಅಜ್ಜಿಯೊಬ್ಬರು ನಮ್ಮನ್ನು ಹಿಂದೆ ಹಾಕಿ ‘ಮೊರ್ಗನ್’ ಎಂದು ನಕ್ಕು ಮುಂದೆ ಹೋಗುತ್ತಾರೆ. ದಾರಿಯಲ್ಲಿ ಒಂದು ಕಾಗದದ ಚೂರೂ ಇಲ್ಲ. ಅಲ್ಲಿಂದ ಲೇಖಕರ ಮನಸ್ಸು ಜೋಗಕ್ಕೋ ನಂದಿಬೆಟ್ಟಕ್ಕೋ ಹಾರುತ್ತದೆ, ಅಲ್ಲಿನ ಪ್ಲಾಸ್ಟಿಕ್ ಬಾಟಲಿ, ಸ್ಪೀಕರಿನ ಹಾಡು ನೆನಪಾಗುತ್ತವೆ. ಕೊನೆಯ ಸಾಲು: ‘ನಮ್ಮವರು ಇದನ್ನೆಲ್ಲ ಕಲಿಯುವುದು ಯಾವಾಗ?’ ನನ್ನ ಲೇಖನದ ಕೊನೆಯ ಸಾಲೂ ಅದೇ ಆಗಿತ್ತು, ಪ್ರಶ್ನಾರ್ಥಕ ಚಿಹ್ನೆ ಮಾತ್ರ ಎರಡು ಇದ್ದವು. ಕೂಟದಲ್ಲಿ ಎಲ್ಲರೂ ಮೆಚ್ಚಿಕೊಂಡರು.

ಇದರಲ್ಲಿ ಸುಳ್ಳೇನೂ ಇಲ್ಲ. ಅಜ್ಜಿ ನಿಜ, ಬಾಟಲಿಯೂ ನಿಜ. ಆದರೆ ಇಂಥ ಬರಹದಲ್ಲಿ ಜರ್ಮನಿಯ ಕಾಡಿಗೆ ಚರಿತ್ರೆಯೇ ಇರುವುದಿಲ್ಲ, ಅದು ಯಾವಾಗಲೂ ಹಾಗೇ ಇತ್ತು ಎಂಬಂತೆ ನಿಂತಿರುತ್ತದೆ. ನಮ್ಮ ಜನರಿಗೆ ಕಾಡಿನ ಜೊತೆ ಕಸ ಎಸೆಯುವುದರ ಹೊರತು ಬೇರೆ ಸಂಬಂಧವೇ ಇರುವುದಿಲ್ಲ. ಮಲೆನಾಡಿನ ಒಂಟಿಮನೆಯೊಂದರಲ್ಲಿ, ಕೊಟ್ಟಿಗೆಯ ಹಿಂದೆ ಇಪ್ಪತ್ತು ಹೆಜ್ಜೆಗೆ ಕಾಡು ಶುರುವಾಗುವ ಜಾಗದಲ್ಲಿ ಬೆಳೆದವಳು ನಾನು. ಇಂಥ ಸಾಲು ನನ್ನ ಕೈಯಿಂದ ಹೇಗೆ ಬಂತು?

ಲೇಖನ ಅಚ್ಚಾದ ಎರಡು ವರ್ಷಕ್ಕೆ ಅಮ್ಮ ಬಾನ್‌ಗೆ ಬಂದಳು. ಅಪ್ಪ ತೀರಿಕೊಂಡ ಮೇಲೆ ಮೂರು ತಿಂಗಳು ನಮ್ಮ ಜೊತೆ ಇರಲಿ ಎಂದು ಕರೆಸಿಕೊಂಡಿದ್ದೆ. ಬಂದ ಎರಡನೇ ದಿನವೇ ಊರಂಚಿನ ಕೊಟೆನ್‌ಫಾರ್ಸ್ಟ್ ಕಾಡಿಗೆ ನಡೆಸಿಕೊಂಡು ಹೋದೆ. ಓಡುವವರು, ಸೈಕಲ್ಲಿನವರು, ಮಗುವಿನ ಗಾಡಿ ತಳ್ಳಿಕೊಂಡು ಬರುವವರು. ಅಮ್ಮ ಸ್ವಲ್ಪ ಹೊತ್ತು ಎಲ್ಲರನ್ನೂ ನೋಡಿ, ‘ಇವ್ರೆಲ್ಲ ಎಂತಕ್ಕೆ ಹಿಂಗೆ ನಡೀತಾರೆ ಮಾರಾಯ್ತಿ? ದನ ಕಳಕೊಂಡವ್ರ ಹಂಗೆ?’ ಅಂದಳು. ಸುಮ್ಮನೆ, ಆರೋಗ್ಯಕ್ಕೆ ಎಂದೆ. ‘ಹಂಗಾರೆ ಸರಿ’ ಅಂದಳು. ಅವಳಿಗೆ ಸರಿ ಅನಿಸಿರಲಿಲ್ಲ.

ತಿರುಗಿ ಬರುವಾಗ ನೋಡುತ್ತೇನೆ, ಅವಳ ಕಂಕುಳಲ್ಲಿ ಒಂದು ಹಿಡಿ ಒಣ ಪುರಲೆ. ಮಾರನೇ ದಿನ ಇನ್ನೊಂದು ಹಿಡಿ. ವಾರದಲ್ಲಿ ನಮ್ಮ ಬಾಲ್ಕನಿಯ ಮೂಲೆಯಲ್ಲಿ ಬೀಚ್ ಮರದ ಕಡ್ಡಿಗಳ ಸಣ್ಣ ಹೊರೆ, ಅಚ್ಚುಕಟ್ಟಾಗಿ, ದಪ್ಪನವು ಕೆಳಗೆ ಸಣ್ಣವು ಮೇಲೆ. ಮನೆಯಲ್ಲಿ ಒಲೆಯಿಲ್ಲ, ಇರುವುದು ಇಂಡಕ್ಷನ್. ‘ಕಾಡಿಗೆ ಹೋಗಿ ಬರಿಗೈಲಿ ಬರಬಾರ್ದು’ ಎನ್ನುವುದೊಂದೇ ಅವಳ ಸಮರ್ಥನೆ. ಕೆಳಗಿನ ಮನೆಯವರು ಏನಂದುಕೊಳ್ಳುತ್ತಾರೋ ಎಂದು ನನಗೆ ಸಂಕೋಚ. ಇಲ್ಲಿ ಕಟ್ಟಿಗೆ ಆರಿಸುವುದಕ್ಕೂ ಅರಣ್ಯ ಕಚೇರಿಯ ಚೀಟಿ ಬೇಕಮ್ಮ ಎಂದು ಹೆದರಿಸಿದೆ. ‘ಇಲ್ಲೂ ಗಾರ್ಡು ಇದಾನಾ?’ ಎಂದು ಕೇಳಿದಳು. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ, ಹಳೆಯ ಪರಿಚಯದವನ ಸುದ್ದಿ ಕೇಳಿದ ಹಾಗಿತ್ತು.

ನಮ್ಮ ಮನೆಯ ಹೆಂಗಸರು ಕಾಡಿಗೆ ಹೋಗುತ್ತಿದ್ದದ್ದು ದರಗು ಗುಡಿಸಲಿಕ್ಕೆ, ಸೊಪ್ಪಿಗೆ, ಕಟ್ಟಿಗೆಗೆ, ಉಪ್ಪಾಗೆ ಆರಿಸಲಿಕ್ಕೆ, ಮಳೆ ಬಿದ್ದ ಮೇಲೆ ಕಳಲೆಗೆ, ಅಣಬೆಗೆ. ಹೋಗುವುದು ಗುಂಪಾಗಿ, ಕತ್ತಿ ಇಟ್ಟುಕೊಂಡು. ಒಬ್ಬಳೇ ಹೋಗುವ ಮಾತೇ ಇರಲಿಲ್ಲ. ಕೆಲಸವಿಲ್ಲದೆ ಹೋಗುವುದಂತೂ ಕನ್ನಡದಲ್ಲಿ ಹೇಳಲಿಕ್ಕೇ ಬಾರದ ಸಂಗತಿ. ‘ವಾಯುಸೇವನೆ’ ಎಂಬುದೊಂದು ಪದ ಇದೆ ನಿಜ, ಅದು ಪಂಚೆ ಉಟ್ಟು ಕೊಡೆ ಹಿಡಿದ ಪೇಟೆಯ ಗಂಡಸರ ಪದ. ಗಂಡಸು ತಿರುಗಾಡಿಕೊಂಡು ಬಂದರೆ ಅದು ತಿರುಗಾಟ. ಹೆಂಗಸು ‘ತಿರುಗುತ್ತಾಳೆ’ ಎಂದರೆ ಏನರ್ಥ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಇನ್ನು ಕಾಡು. ಕಾಡುವುದು ಎಂಬ ಕ್ರಿಯಾಪದಕ್ಕೂ ಅದೇ ರೂಪ. ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ ಎಂಬ ಗಾದೆಯಲ್ಲಿ ಕಾಡು ಕರೆಯುವುದು ವಾಕಿಂಗಿಗಲ್ಲ.

ಹಳೆಯ ಕಾವ್ಯಗಳಲ್ಲಿ ವನವಿಹಾರ ಇದೆಯಲ್ಲ ಎನ್ನಬಹುದು. ನನ್ನ ಲೇಖನದ ಶೀರ್ಷಿಕೆಯನ್ನು ನಾನು ಎತ್ತಿಕೊಂಡದ್ದೂ ಅಲ್ಲಿಂದಲೇ. ಆದರೆ ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆಯ ಪಕ್ಕದಲ್ಲಿ ಕೂತಿರುವ ಆ ವನ ಅರಮನೆಯ ಹೂದೋಟ. ಕಾಡು ಬರುವುದು ಬೇಟೆಯ ವರ್ಣನೆಗೆ, ಇಲ್ಲವೇ ರಾಜ್ಯ ಕಳಕೊಂಡವರ ವನವಾಸಕ್ಕೆ. ವಿಹಾರದ ವನವೂ ವಾಸದ ವನವೂ ಒಂದೇ ಅಕ್ಷರಗಳಲ್ಲಿದ್ದರೂ ಬೇರೆ ಬೇರೆ ಜಾಗಗಳು. ನಾನು ಅವೆರಡನ್ನೂ ಒಂದೇ ಮಾಡಿ ಬರೆದಿದ್ದೆ.

ಕಾಡಿನಲ್ಲಿ ಕೆಲಸವಿಲ್ಲದವನು ಹೊಸಗನ್ನಡದ ಕಾದಂಬರಿಗೆ ಯಾವಾಗ ಬಂದ ಎಂದು ಹುಡುಕಿದರೆ ನನಗೆ ಮೊದಲು ನೆನಪಾಗುವುದು ಕಾರಂತರ ‘ಬೆಟ್ಟದ ಜೀವ’, 1943ರದು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಸಂಜೆ ಹೊತ್ತು ದಾರಿ ತಪ್ಪಿದ ನಿರೂಪಕ ಗೋಪಾಲಯ್ಯನವರ ಮನೆ ಸೇರುತ್ತಾನೆ. ಆಮೇಲಿನ ದಿನಗಳಲ್ಲಿ ಅವರ ಜೊತೆ ಬೆಟ್ಟ, ಹಳ್ಳ, ತೋಟ ಎಂದು ಸುತ್ತುತ್ತಾನೆ. ಇವನಿಗೆ ಅಲ್ಲಿ ಕೆಲಸವಿಲ್ಲ. ಅವನ ಕಣ್ಣಿಗೆ ಬೆಟ್ಟ ಚೆಂದ ಕಾಣುತ್ತದೆ. ಆದರೆ ಕಾರಂತರು ಆ ಚೆಂದವನ್ನು ಒಂಟಿಯಾಗಿ ನಿಲ್ಲಲು ಬಿಡುವುದಿಲ್ಲ. ಪಕ್ಕದಲ್ಲಿ ಗೋಪಾಲಯ್ಯ ಇದ್ದಾರೆ, ಆನೆ ಹುಲಿಗಳ ಕಾಟದ ನಡುವೆ ಕಾಡು ಕಡಿದು ಅಡಕೆ ನೆಟ್ಟವರು. ನಡೆಯುವುದರಲ್ಲಿ ಮುದುಕರು ಅತಿಥಿಯನ್ನು ಮೀರಿಸುತ್ತಾರೆ. ಅದು ವ್ಯಾಯಾಮದಿಂದ ಬಂದ ಕಸುವಲ್ಲ. ಅತಿಥಿಗೆ ನೋಟವಾಗಿರುವುದು ಮನೆಯವನಿಗೆ ಬದುಕು. ಇಬ್ಬರೂ ಒಂದೇ ಕಾಲುದಾರಿಯಲ್ಲಿ ನಡೆಯುತ್ತಿರುತ್ತಾರೆ, ಅಷ್ಟೆ. ಮಗ ಬಿಟ್ಟುಹೋದ ಮನೆಯೂ ಅದೇ. ಈ ಬೆಟ್ಟದ ಮೇಲೆ ಅಷ್ಟು ಪ್ರೀತಿಯಿಟ್ಟ ಅಪ್ಪನನ್ನು ಮಗ ಯಾಕೆ ಬಿಟ್ಟು ಹೋದ ಎಂಬ ಪ್ರಶ್ನೆಯನ್ನು ಹೊರದೇಶದಲ್ಲಿ ಕೂತ ನಾವು ಬೇಗ ದಾಟಿ ಓದುತ್ತೇವೆ. ನಾನಂತೂ ಹಾಗೇ ಓದಿದ್ದೆ.

ಕುವೆಂಪು ಅವರ ವಿಷಯ ಇನ್ನೂ ತೊಡಕಿನದು. 1936ರ ‘ಕಾನೂರು ಹೆಗ್ಗಡಿತಿ’ಯ ಹೂವಯ್ಯ ಓದಿದವನು, ಕಾಡು ಬೆಟ್ಟಗಳನ್ನು ನೋಡಿ ಮೈಮರೆಯುವವನು. ನಮ್ಮ ಪ್ರವಾಸ ಪ್ರಬಂಧಗಳ ಮೂಲಪುರುಷ ಅವನೇ ಅನಿಸುತ್ತದೆ. ಅವನ ಭಾವಸಮಾಧಿಯ ಪುಟಗಳು ನನಗೆ ಹದಿನೆಂಟರಲ್ಲಿ ಬಾಯಿಪಾಠದ ಹಾಗಿದ್ದವು. ಈಗ ಅವು ಉದ್ದವಾದವು ಅನಿಸುತ್ತವೆ. ಅದೇ ಕವಿ ಮೂವತ್ತೊಂದು ವರ್ಷ ಬಿಟ್ಟು, 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಬರೆದಾಗ ಕಾಡಿನ ದಾರಿಯನ್ನು ಬಿಟ್ಟುಕೊಟ್ಟದ್ದು ಹೂವಯ್ಯನಂಥವನಿಗಲ್ಲ, ಜೀತದ ಗುತ್ತಿಗೆ ಮತ್ತು ಅವನ ನಾಯಿ ಹುಲಿಯನಿಗೆ. ಗುತ್ತಿಯಷ್ಟು ಕಾಡು ನಡೆದವನು ಕನ್ನಡ ಕಾದಂಬರಿಯಲ್ಲಿ ಇನ್ನೊಬ್ಬನಿಲ್ಲ. ಅವನು ನಡೆಯುವುದು ಒಡೆಯರ ಕೆಲಸಕ್ಕೆ, ಅದರ ಮರೆಯಲ್ಲಿ ತಿಮ್ಮಿಗಾಗಿ. ಕಾಡನ್ನು ಅವನು ನಿಂತು ನೋಡುವುದಿಲ್ಲ. ಆದರೂ ಓದುವ ನಮಗೆ ಹೂವಯ್ಯನ ಕಣ್ಣಿಗಿಂತ ಗುತ್ತಿಯ ಕಾಲಿನಿಂದ ಕಾಡು ಹೆಚ್ಚು ಕಾಣುತ್ತದೆ.

ಆ ಕಾದಂಬರಿಯಲ್ಲಿ ಹೆಂಗಸರೂ ಕಾಡಿನಲ್ಲಿ ನಡೆಯುತ್ತಾರೆ. ಚಿನ್ನಮ್ಮ ತನಗೆ ಬೇಡದ ಮದುವೆಯನ್ನು ಬಿಟ್ಟು ರಾತ್ರಿಯಲ್ಲಿ ಓಡಿಹೋಗುವುದು ಕಾಡಿನೊಳಕ್ಕೆ, ಹುಲಿಕಲ್ ನೆತ್ತಿಗೆ. ತಿಮ್ಮಿ ಗುತ್ತಿಯ ಜೊತೆ ಓಡುವುದೂ ಕಾಡಿನಲ್ಲೇ. ಹೆಣ್ಣಿಗೆ ಕಾಡು ವಿಹಾರವಲ್ಲ, ತಪ್ಪಿಸಿಕೊಳ್ಳುವ ದಾರಿ. ಬಾನ್‌ನಲ್ಲಿ ಬೆಳಿಗ್ಗೆ ಆರು ಗಂಟೆಗೆ, ನವೆಂಬರಿನ ಕತ್ತಲಲ್ಲಿ, ಹಣೆಗೆ ದೀಪ ಕಟ್ಟಿಕೊಂಡು ನಾನು ಒಬ್ಬಳೇ ಕಾಡಿನಲ್ಲಿ ಓಡುವಾಗ ನನಗೆ ನೆನಪಾಗುವುದು ಚಿನ್ನಮ್ಮ, ಹೂವಯ್ಯನಲ್ಲ. ಇದನ್ನು ಹಳೆಯ ಲೇಖನದಲ್ಲಿ ಬರೆದಿರಲಿಲ್ಲ. ಅದರಲ್ಲಿ ಸ್ವಚ್ಛತೆ, ಶಿಸ್ತು, ಆಮ್ಲಜನಕ ಎಲ್ಲ ಇದ್ದವು. ನಾನು ಕಾಡಿಗೆ ಯಾಕೆ ಹೋಗುತ್ತೇನೆ ಎಂಬುದು ಇರಲಿಲ್ಲ.

ಮಲೆನಾಡಿನವರಿಗೆ ಕಾಡಿನಲ್ಲಿ ಬಿಡುವಿನ ಸುಖವೇ ಗೊತ್ತಿರಲಿಲ್ಲ ಎಂದರೂ ತಪ್ಪಾಗುತ್ತದೆ. ಗೊತ್ತಿತ್ತು, ಅದರ ಹೆಸರು ಬೇಟೆ. ಕೋವಿ, ನಾಯಿಗಳು, ಸೋವಿನ ಕೂಗು, ಸಂಜೆ ಪಾಲು ಹಂಚುವ ಗಲಾಟೆ. ಕುವೆಂಪು ಅವರ ಗದ್ಯ ಗೆಲುವಾಗಿರುವುದು ಅಲ್ಲಿಯೇ. ಮೀನು ಹಿಡಿಯುವುದೂ ಇದರ ಜೊತೆಗೇ ಸೇರಿದ್ದು. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. ನಿಲ್ಲಬೇಕಾದದ್ದೇ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಕೆಲಸವಿಲ್ಲದ ದಿನ ಕಾಡಿಗೆ ಹೋಗಲು ಊರಿನವರಿಗಿದ್ದ ಒಂದೇ ನೆಪವೂ ಅಲ್ಲಿಗೆ ಹೋಯಿತು. ಆ ಖಾಲಿ ಜಾಗಕ್ಕೆ ಬೆಂಗಳೂರಿನಿಂದ ಟ್ರೆಕ್ಕಿಂಗ್ ಬಂತು. ಈ ಮಧ್ಯದ ಕಾಲವನ್ನು ಬರೆದವರು ತೇಜಸ್ವಿ. ಕೋವಿಯಿಂದ ಗಾಳಕ್ಕೆ, ಗಾಳದಿಂದ ಕ್ಯಾಮೆರಾಕ್ಕೆ ಬಂದದ್ದು ಅವರೊಬ್ಬರ ಹವ್ಯಾಸದ ಕಥೆ ಮಾತ್ರ ಅಲ್ಲ.

1980ರ ‘ಕರ್ವಾಲೊ’ದಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಒಂದು ವಿಚಿತ್ರ ತಂಡ ಕಾಡಿಗೆ ಹೋಗುತ್ತದೆ. ಅದನ್ನು ಮೊದಲು ಕಂಡವನು ಮಂದಣ್ಣ, ಜೇನಿನ ಹುಚ್ಚಿನಲ್ಲಿ ಕಾಡು ಅಲೆಯುವವನು. ಊರಿನ ಲೆಕ್ಕದಲ್ಲಿ ಕೆಲಸಕ್ಕೆ ಬಾರದವನು. ಕಡೆಗೆ ಓತಿ ಸಿಗುತ್ತದೆ, ಸಿಕ್ಕೂ ಸಿಗದೆ ಕಣಿವೆಯ ಮೇಲೆ ತೇಲಿಹೋಗುತ್ತದೆ. ಎಲ್ಲರೂ ಬರಿಗೈಯಲ್ಲಿ ನಿಲ್ಲುತ್ತಾರೆ. ಅಮ್ಮನ ಮಾತು ಕೇಳಿದ ಮೇಲೆ ಈ ಕಾದಂಬರಿಯನ್ನು ಮತ್ತೆ ಓದಿದೆ. ಕಾಡಿನಿಂದ ಬರಿಗೈಯಲ್ಲಿ ಬರುವುದು ಸೋಲಲ್ಲ ಎಂದು ಕನ್ನಡದಲ್ಲಿ ನನ್ನನ್ನು ನಂಬಿಸಿದ ಮೊದಲ ಪುಸ್ತಕ ಇದು. ಹಾಗಂತ ತೇಜಸ್ವಿ ಬೆಂಗಳೂರಿನವರಿಗೆ ರಜೆಯ ಕಾಡನ್ನು ತೋರಿಸಿದರು ಎಂದು ಅಭಿಮಾನಿಗಳು ಹೇಳಿದರೆ ನಾನು ಒಪ್ಪುವುದಿಲ್ಲ. ಮಂದಣ್ಣನನ್ನು ಬಿಟ್ಟು ಕರ್ವಾಲೊ ಒಬ್ಬರೇ ಹೋಗಿದ್ದರೆ ಅವರಿಗೆ ಕಳಕೊಳ್ಳಲು ಓತಿಯೂ ಸಿಗುತ್ತಿರಲಿಲ್ಲ.

ಇನ್ನು ಜರ್ಮನಿಯ ಕಾಡು. ಅದು ಯಾವಾಗಲೂ ಹೀಗೇ ಇತ್ತು ಎಂದು ನಾನು ನಂಬಿದ್ದೆನಲ್ಲ. ಕೊಟೆನ್‌ಫಾರ್ಸ್ಟಿನಲ್ಲಿ ಗೆರೆ ಎಳೆದ ಹಾಗೆ ನೇರವಾದ ಉದ್ದುದ್ದ ದಾರಿಗಳಿವೆ, ಓಡುವವರಿಗೆ ಬಲು ಅನುಕೂಲ. 18ನೇ ಶತಮಾನದಲ್ಲಿ ಕಲೋನಿನ ಆರ್ಚ್‌ಬಿಷಪ್ಪನೂ ದೊರೆಯೂ ಆಗಿದ್ದ ಕ್ಲೆಮೆನ್ಸ್ ಆಗುಸ್ಟ್ ಕುದುರೆ ಮೇಲೆ ಜಿಂಕೆ ಅಟ್ಟಿಸಿಕೊಂಡು ಹೋಗಲಿಕ್ಕೆ ಮಾಡಿಸಿದ ದಾರಿಗಳು ಅವು. ದೊರೆಗೆ ಅದು ಬೇಟೆಯ ಕಾಡಾದರೆ ಜನರಿಗೆ ಹಸಿವಿನ ಕಾಡು. ಗ್ರಿಮ್ ಸಹೋದರರ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆಯಲ್ಲಿ ಮಕ್ಕಳನ್ನು ಕಾಡಿಗೆ ಒಯ್ದು ಬಿಡುವುದು ಮನೆಯಲ್ಲಿ ಅನ್ನವಿಲ್ಲ ಎಂದು. ಅಪ್ಪ ಮರ ಕಡಿಯುವವನು. ಕಾಡಿನ ಏಕಾಂತಕ್ಕೆ ಲುಡ್ವಿಗ್ ಟೀಕ್ 1797ರಲ್ಲಿ ಒಂದು ಸುಂದರ ಪದವನ್ನೇ ಕಟ್ಟಿಕೊಟ್ಟ, ‘ವಾಲ್ಡ್‌ಐನ್‌ಝಾಮ್‌ಕೈಟ್’ ಎಂದು. ಆ ಪದ ಹುಟ್ಟಿ ಅರ್ಧ ಶತಮಾನ ಆಗುವಷ್ಟರಲ್ಲಿ ಇದೇ ರೈನ್ ಪ್ರಾಂತ್ಯದ ಸಭೆಯಲ್ಲಿ ಬೇರೊಂದು ಚರ್ಚೆ ನಡೆಯಿತು: ಬಿದ್ದ ಒಣಕಡ್ಡಿ ಆರಿಸುವುದನ್ನೂ ಕಳವು ಎಂದೇ ಎಣಿಸಬೇಕೋ ಬೇಡವೋ. 1842ರಲ್ಲಿ ಕಲೋನಿನ ‘ರೈನಿಷ್ ಜೈಟುಂಗ್’ ಪತ್ರಿಕೆಯಲ್ಲಿ ಆ ಕಾನೂನನ್ನು ಕಟುವಾಗಿ ಹಂಗಿಸಿ ಬರೆದ ಯುವಕ, ಕೆಲವೇ ವರ್ಷಗಳ ಹಿಂದೆ ಬಾನ್‌ನಲ್ಲಿ ಕಾನೂನು ಓದಿದ್ದ ಕಾರ್ಲ್ ಮಾರ್ಕ್ಸ್. ತನ್ನನ್ನು ಅರ್ಥಶಾಸ್ತ್ರದ ಕಡೆ ಮೊದಲು ತಳ್ಳಿದ್ದರಲ್ಲಿ ಆ ಕಟ್ಟಿಗೆಯ ಜಗಳವೂ ಒಂದು ಎಂದು ಆಮೇಲೆ ಅವನೇ ಹೇಳಿಕೊಂಡ.

ಇದನ್ನು ಓದಿದ ರಾತ್ರಿ ಎದ್ದು ಹೋಗಿ ಬಾಲ್ಕನಿಯ ಹೊರೆಯನ್ನು ನೋಡಿದೆ.

ಬಾನ್‌ನವನೇ ಆದ ಇನ್ನೊಬ್ಬನ ಹೆಸರು ನಮ್ಮ ಊರಿಗೆ ಇನ್ನೂ ಹತ್ತಿರದ್ದು. ಡೀಟ್ರಿಶ್ ಬ್ರಾಂಡಿಸ್. 1824ರಲ್ಲಿ ಇಲ್ಲೇ ಹುಟ್ಟಿದ ಸಸ್ಯಶಾಸ್ತ್ರಜ್ಞ, 1856ರಲ್ಲಿ ಬ್ರಿಟಿಷರ ಕೆಲಸಕ್ಕೆ ಬರ್ಮಾದ ತೇಗದ ಕಾಡಿಗೆ ಹೋದ, 1864ರಲ್ಲಿ ಇಂಡಿಯಾದ ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದ. ಮರಗಳಿಗೆ ಲೆಕ್ಕ, ಕಾಡಿಗೆ ಗಡಿ, ಗಡಿಗೆ ಕಾವಲು ಎಂಬ ಜರ್ಮನ್ ವಿದ್ಯೆ ನಮ್ಮಲ್ಲಿಗೆ ಬಂದದ್ದು ಅವನ ಜೊತೆ. ಅವನನ್ನು ಖಳನಾಯಕ ಮಾಡುವುದು ಸುಲಭ, ನ್ಯಾಯವಲ್ಲ. ಹಳ್ಳಿಯವರ ಕೈಯಲ್ಲೂ ಕಾಡು ಉಳಿಯಬೇಕು ಎಂದು ವಾದಿಸಿದವನು ಅವನು, 1878ರ ಕಾಯ್ದೆಯಲ್ಲಿ ಗೆದ್ದದ್ದು ಮಾತ್ರ ಅವನಿಗಿಂತ ಬಿಗಿಯಾದವರ ಪಾಠ. ಅಮ್ಮ ಹಳೆಯ ಪರಿಚಯದವನ ಹಾಗೆ ವಿಚಾರಿಸಿದ ಗಾರ್ಡು ಒಂದು ಲೆಕ್ಕದಲ್ಲಿ ಈ ಊರಿನಿಂದಲೇ ಹೋದವನು.

ಆಮೇಲೆ ಈ ದೇಶದಲ್ಲಿ ಕಲ್ಲಿದ್ದಲು ಬಂತು, ಬಡವರ ಒಲೆಗೆ ಕಾಡು ಬೇಡವಾಯಿತು, ಹಳ್ಳಿಯವರು ಕಾರ್ಖಾನೆಗೆ ಹೋದರು. ಕಾಡು ಕೆಲಸದಿಂದ ಬಿಡುವಾದ ಮೇಲೆ ಬಿಡುವಿನ ಕಾಡಾಯಿತು. ಆ ಪ್ರೀತಿಯೂ ಶುದ್ಧವಾಗೇನೂ ಉಳಿಯಲಿಲ್ಲ. ಜರ್ಮನರಿಗೆ ಕಾಡು ಎಂದರೆ ಸಾಲುಗಟ್ಟಿ ನಿಂತ ಸೈನ್ಯದ ಪ್ರತಿಮೆ ಎಂದು ಎಲಿಯಾಸ್ ಕ್ಯಾನೆಟ್ಟಿ ಬರೆದದ್ದನ್ನು ಸ್ಪ್ರೂಸ್ ಮರಗಳ ನಡುವೆ ಓಡುವಾಗ ಮರೆಯುವುದು ಕಷ್ಟ. 1970ರಲ್ಲಿ ಜನರ ಬೊಜ್ಜು ಕರಗಿಸಲು ‘ಟ್ರಿಮ್ ದಿಶ್’ ಎಂಬ ಆಂದೋಲನ ಶುರುವಾಗಿ ಕಾಡುಗಳಲ್ಲಿ ಮರದ ದಿಮ್ಮಿ, ಕಬ್ಬಿಣದ ಸರಳುಗಳ ವ್ಯಾಯಾಮದ ದಾರಿಗಳಾದವು. 1975ರ ಅರಣ್ಯ ಕಾಯ್ದೆ ವಿಶ್ರಾಂತಿಗಾಗಿ ಯಾರು ಬೇಕಾದರೂ ಕಾಡಿಗೆ ಹೋಗಬಹುದು ಎಂದಿತು, ಖಾಸಗಿ ಕಾಡಿಗೂ ಸೇರಿಸಿ. ನಮ್ಮ 1927ರ ಕಾಯ್ದೆಯ 26ನೇ ಸೆಕ್ಷನ್ನಿನಲ್ಲಿ ಕಾಯ್ದಿಟ್ಟ ಅರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ಎಂಬತ್ತರ ಅಜ್ಜಿಯ ನಗುವಿನ ಹಿಂದೆ ಇಷ್ಟೆಲ್ಲ ಇದೆ. ‘ನಮ್ಮವರು ಕಲಿಯುವುದು ಯಾವಾಗ’ ಎಂದು ಕೇಳುವ ಮೊದಲು ಏನನ್ನು ಕಲಿಯಬೇಕು ಎಂದು ನಾನು ಕೇಳಿಕೊಳ್ಳಬೇಕಿತ್ತು.

ಹಾಗಾದರೆ ಕಾಡಿನಲ್ಲಿ ಸುಮ್ಮನೆ ನಡೆಯುವುದೆಲ್ಲ ಉಳ್ಳವರ ಶೋಕಿಯೇ? ಹಾಗೆನ್ನುವ ಬರಹಗಳೂ ಕನ್ನಡದಲ್ಲಿ ಈಗ ಬರುತ್ತಿವೆ, ಅವೂ ನನಗೆ ಹಿಡಿಸುವುದಿಲ್ಲ. 2021ರಲ್ಲಿ ಬೆಂಗಳೂರಿನ ತುರಹಳ್ಳಿ ಕಾಡನ್ನು ವೃಕ್ಷೋದ್ಯಾನ ಮಾಡಹೊರಟಾಗ ಅಡ್ಡ ನಿಂತವರಲ್ಲಿ ಅಲ್ಲಿ ದಿನವೂ ನಡೆಯುವವರು, ಸೈಕಲ್ ತುಳಿಯುವವರು ಇದ್ದರು. ಕಾಡು ಬೇರೆ, ಪಾರ್ಕು ಬೇರೆ ಎಂದು ಅವರಿಗೆ ಕಾಲಿನಿಂದಲೇ ಗೊತ್ತಾಗಿತ್ತು. ಮೂರು ವರ್ಷದ ನಂತರ, 2024ರ ಜನವರಿಯ ಕೊನೆಯಲ್ಲಿ, ಕುಮಾರಪರ್ವತದ ಬುಡದಲ್ಲಿ ಜಾತ್ರೆಯಂತೆ ಸೇರಿದ ಟ್ರೆಕ್ಕಿಂಗ್ ಜನರ ವಿಡಿಯೋ ಎಲ್ಲರ ಫೋನಿಗೂ ಬಂತು, ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣವನ್ನೇ ತಡೆಹಿಡಿಯಿತು. ನನಗೂ ಐದು ಜನ ಕಳಿಸಿದ್ದರು, ಐವರೂ ಹೊರದೇಶದವರು, ಎಲ್ಲರದೂ ಒಂದೇ ಪ್ರಶ್ನೆ, ಎರಡು ಪ್ರಶ್ನಾರ್ಥಕ ಚಿಹ್ನೆಯ ಜೊತೆ. ಅದು ಗೋಪಾಲಯ್ಯನ ಕಡೆಯ ಬೆಟ್ಟ. ಅಷ್ಟು ಜನರಲ್ಲಿ ದಾರಿ ತಪ್ಪಿ ಯಾರದೋ ಮನೆ ಸೇರುವ ಭಾಗ್ಯ ಒಬ್ಬನಿಗಾದರೂ ಇತ್ತೇ ಎಂದು ಯೋಚಿಸಿದೆ. ಒಬ್ಬರಿಗೂ ಉತ್ತರ ಬರೆಯಲಿಲ್ಲ.

ಅಮ್ಮ ಊರಿಗೆ ಹೊರಡುವ ಹಿಂದಿನ ವಾರ ಕಾಡಿಗೆ ಹೋಗುವಾಗ ಕೈಚೀಲ ಬೇಡವೆಂದು ಬಿಟ್ಟು ಬಂದಳು. ದಾರಿಯ ಬದಿಯಲ್ಲಿ ಬಣ್ಣದಲ್ಲಿ ನಂಬರು ಬರೆದು ಪೇರಿಸಿದ್ದ ಸ್ಪ್ರೂಸ್ ದಿಮ್ಮಿಗಳ ಹತ್ತಿರ ನಿಂತು ಲೆಕ್ಕ ಹಾಕಿದಳು. ಹುಳ ಬಿದ್ದು ಒಣಗಿದ ಮರಗಳು. ಆಮೇಲೆ ಬೆಂಚಿನ ಮೇಲೆ ಕೂತು, ಅರ್ಧ ಗಂಟೆ, ಏನೂ ಮಾಡದೆ, ಹೋಗಿಬರುವವರಿಗೆಲ್ಲ ‘ಮೊರ್ಗನ್’ ಎಂದಳು. ಆಗ ಸಂಜೆಯಾಗಿತ್ತು, ನಾನು ತಿದ್ದಲಿಲ್ಲ. ಏಳುವಾಗ ಮಾತ್ರ ಕಾಲ ಬಳಿ ಬಿದ್ದಿದ್ದ ಒಂದು ಕಡ್ಡಿ ಎತ್ತಿಕೊಂಡು, ನನ್ನ ಮುಖ ನೋಡಿ, ‘ಊರುಗೋಲಿಗೆ’ ಅಂದಳು. ಅದು ಒಂದು ಗೇಣು ಉದ್ದವಿತ್ತು.